ಕೊಳದಲ್ಲಿ ಕಲಿತದ್ದು ಬಾಹ್ಯಾಕಾಶ ನಡಿಗೆಯಲ್ಲಿ ಎಷ್ಟು ಕೆಲಸಕ್ಕೆ ಬರುತ್ತೆ?

ಕಕ್ಷೆಯಾಚೆ ಕೇಳಿದ ಪ್ರಶ್ನೆ:

ಬಾಹ್ಯಾಕಾಶ ನಿಲ್ದಾಣದ ಹೊರಗೆ ಒಂದು ಗಂಟೆ ಕೆಲಸ ಮಾಡೋಕೆ ನೀರಿನ ಕೊಳದಲ್ಲಿ ಸುಮಾರು ಏಳು ಗಂಟೆ ಅಭ್ಯಾಸ ಅಂತ ಎಲ್ಲ ಕಡೆ ಬರೆದಿರುತ್ತೆ. ನನಗೆ ಇದರಲ್ಲಿ ಎರಡು ಗೊಂದಲ.

ಒಂದು, ನೀರಲ್ಲಿ ಮುಳುಗಿದ ಮಾತ್ರಕ್ಕೆ ಗುರುತ್ವ ಎಲ್ಲೂ ಹೋಗಲ್ಲ. ಹಾಗಿದ್ದ ಮೇಲೆ ಅಲ್ಲಿ ಕಲಿಯೋದು ಏನು, ತಪ್ಪಾಗಿ ಕಲಿತುಬಿಡೋದು ಏನು? ಎರಡು, ನೇರಪ್ರಸಾರ ನೋಡಿದ್ರೆ ಬೆಳಿಗ್ಗೆ ಎದ್ದವರು ಹ್ಯಾಚ್ ತೆಗೆಯೋ ಹೊತ್ತಿಗೆ ಗಂಟೆಗಟ್ಟಲೆ ಕಳೆದಿರುತ್ತೆ. ಸೂಟ್ ಹಾಕ್ಕೊಂಡು ಬಾಗಿಲು ತೆಗೆಯೋಕೆ ಅಷ್ಟು ಹೊತ್ತು ಯಾಕೆ? "ಸುರಕ್ಷತೆಗಾಗಿ" ಅನ್ನೋ ಉತ್ತರ ಬೇಡ, ಯಾವ ಹಂತದಲ್ಲಿ ಏನು ಮಾಡ್ತಾರೆ ಅಂತ ಗೊತ್ತಿದ್ದವರು ಹೇಳಿ.

ತೂಕದಬಿಲ್ಲೆ:

ಮೊದಲನೆಯದಕ್ಕೆ ನಾನು ಬರೀತೀನಿ.

ಹ್ಯೂಸ್ಟನ್‌ನಲ್ಲಿರುವ ನಾಸಾದ ಕೊಳ 62 ಮೀಟರ್ ಉದ್ದ, 31 ಮೀಟರ್ ಅಗಲ, 12 ಮೀಟರ್ ಆಳ. ಅದರಲ್ಲಿ ಸುಮಾರು 2.35 ಕೋಟಿ ಲೀಟರ್ ನೀರಿದೆ, ತಳದಲ್ಲಿ ನಿಲ್ದಾಣದ ಭಾಗಗಳ ಪೂರ್ಣ ಗಾತ್ರದ ಮಾದರಿಗಳಿವೆ. ಸೂಟ್ ಹಾಕಿದ ಇಬ್ಬರನ್ನು ಕ್ರೇನ್ ವೇದಿಕೆಯ ಮೇಲೆ ನಿಲ್ಲಿಸಿ ಇಳಿಸುತ್ತೆ. ಉಸಿರಾಟದ ಗಾಳಿ, ತಂಪಿನ ನೀರು, ಮಾತಿನ ತಂತಿ ಮೂರೂ ಮೇಲಿಂದ ಒಂದೇ ಕೊಳವೆಗಂಟಿನಲ್ಲಿ ಬರುತ್ತವೆ. ಒಬ್ಬೊಬ್ಬ ಗಗನಯಾತ್ರಿಗೆ ನಾಲ್ಕು ಡೈವರ್‌ಗಳು: ಇಬ್ಬರು ಸುರಕ್ಷತೆಗೆ, ಒಬ್ಬರು ಉಪಕರಣ ಕೊಡೋಕೆ, ಒಬ್ಬರು ಕ್ಯಾಮೆರಾ ಹಿಡಿಯೋಕೆ.

ಇಳಿದ ಕೂಡಲೇ ಕೆಲಸ ಶುರುವಾಗಲ್ಲ. ಗಾಳಿ ತುಂಬಿದ ಸೂಟ್ ಬಲೂನಿನ ಹಾಗೆ ಮೇಲೇಳುತ್ತೆ, ಆದ್ದರಿಂದ ಡೈವರ್‌ಗಳು ಎದೆ, ಬೆನ್ನು, ಕಾಲಿನ ಜೇಬುಗಳಲ್ಲಿ ತೂಕ ಮತ್ತು ಫೋಮ್ ತುಂಡುಗಳನ್ನು ಸೇರಿಸಿ ತೆಗೆದು ಹೊಂದಿಸ್ತಾರೆ. ಮುಳುಗಬಾರದು, ತೇಲಬಾರದು. ಇಷ್ಟು ಸುಲಭ. ತಿರುಗಲೂ ಬಾರದು ಅನ್ನೋದು ಕಷ್ಟ. ದೇಹ-ಸೂಟಿನ ತೂಕದ ಕೇಂದ್ರವೂ ನೀರು ಎತ್ತಿಹಿಡಿಯುವ ಬಲದ ಕೇಂದ್ರವೂ ಒಂದೇ ಜಾಗಕ್ಕೆ ಬರಬೇಕು. ಅವು ಸ್ವಲ್ಪ ಸರಿದರೂ ಕೈಬಿಟ್ಟ ತಕ್ಷಣ ಮನುಷ್ಯ ಮೆಲ್ಲಗೆ ಮಗುಚಿಕೊಳ್ತಾನೆ, ಮಿಕ್ಕ ಆರು ಗಂಟೆಯೂ ಅದರ ಜೊತೆ ಗುದ್ದಾಟ. ಸರಿಯಾಗಿ ಹೊಂದಿಸಿದ ಮೇಲೂ ತಲೆಕೆಳಗಾದರೆ ಸೂಟಿನೊಳಗೆ ದೇಹವೇ ಜಾರಿ ಲೆಕ್ಕ ತಪ್ಪುತ್ತೆ.

ಕೊಳ ನಿಜ ಹೇಳುವ ಜಾಗ ಗ್ಲೌಸ್. ಸೂಟಿನೊಳಗಿನ ಒತ್ತಡವನ್ನು ಸುತ್ತಲಿನ ನೀರಿಗಿಂತ ಸುಮಾರು 4 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಒತ್ತಡದ ಅಳತೆ) ಹೆಚ್ಚಿಟ್ಟಿರ್ತಾರೆ, ಅಂದರೆ ನಿರ್ವಾತದಲ್ಲಿ ಇರುವಷ್ಟೇ ಬಿಗಿ. ಪ್ರತಿ ಸಲ ಮುಷ್ಟಿ ಕಟ್ಟುವಾಗಲೂ ಗಟ್ಟಿ ಚೆಂಡನ್ನು ಹಿಸುಕಿದ ಹಾಗೆ. ಮುಂಗೈ ಸೋಲುವುದು, ಉಗುರು ಬುಡದಿಂದ ಎದ್ದುಬರುವುದು ಎರಡೂ ಕೊಳದಲ್ಲೇ ಶುರುವಾಗುವ ತೊಂದರೆಗಳು. ಯಾವ ಕಂಬಿಯನ್ನು ಯಾವ ಕೈಯಲ್ಲಿ ಹಿಡಿದರೆ ಮುಂದಿನ ಬೋಲ್ಟ್ ಎಟುಕುತ್ತೆ, ಕಾಲು ಸಿಕ್ಕಿಸುವ ಚೌಕಟ್ಟನ್ನು ಯಾವ ಕೋನಕ್ಕೆ ತಿರುಗಿಸಿಡಬೇಕು ಅನ್ನೋದೂ ಇಲ್ಲೇ ಗಟ್ಟಿಯಾಗೋದು.

ಸುಳ್ಳು ಹೇಳೋದು ಎಲ್ಲಿ? ನೀರು ಬ್ರೇಕ್ ಹಾಕುತ್ತೆ. ಕೊಳದಲ್ಲಿ ಹೊರಡೋದು ಕಷ್ಟ, ನಿಲ್ಲೋದು ತಾನಾಗಿ. ಮೇಲೆ ಇದರ ತಿರುವುಮುರುವು: ಬೆರಳಲ್ಲಿ ತಳ್ಳಿದರೆ ಹೊರಟುಬಿಡ್ತೀರಿ, ನಿಲ್ಲಿಸೋಕೆ ಮಣಿಕಟ್ಟು ಅಷ್ಟೂ ವೇಗವನ್ನು ಹೀರಬೇಕು. ದೊಡ್ಡ ಪೆಟ್ಟಿಗೆಯೊಂದು ಒಮ್ಮೆ ತಿರುಗೋಕೆ ಶುರುವಾದರೆ ನೀರಲ್ಲಿ ಅದೇ ನಿಂತುಬಿಡುತ್ತೆ, ಕಕ್ಷೆಯಲ್ಲಿ ನಿಮ್ಮನ್ನೂ ಸೇರಿಸಿ ತಿರುಗುತ್ತೆ. ಅದಕ್ಕೇ ಭಾರದ ವಸ್ತು ಸಾಗಿಸುವ ಅಭ್ಯಾಸವನ್ನು ಬೇರೆ ಕಡೆ ಮಾಡಿಸ್ತಾರೆ. ಕಣ್ಣಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ, ಕೈಗೆ ಕೇಬಲ್‌ಗಳಿಂದ ಎಳೆಯುವ ರೋಬಾಟ್. ಆ ರೋಬಾಟ್ ದೊಡ್ಡ ಪೆಟ್ಟಿಗೆಯ ಜಡತ್ವವನ್ನು ಕೈಗೆ ಕೊಡುತ್ತೆ.

ಇನ್ನೊಂದು, ತಲೆಕೆಳಗಿನ ಭಂಗಿ. ನೀರಲ್ಲಿ ಸೂಟ್ ತೇಲುತ್ತೆ ಸರಿ, ಆದರೆ ಸೂಟಿನೊಳಗಿನ ಮನುಷ್ಯನಿಗೆ ಗುರುತ್ವ ಹಾಗೇ ಇರುತ್ತೆ. ತಲೆಕೆಳಗಾದರೆ ಇಡೀ ಮೈಭಾರ ಎದೆಕವಚದ ಗಟ್ಟಿ ಅಂಚಿನ ಮೇಲೆ, ಅಂದರೆ ಎರಡು ಹೆಗಲ ಮೇಲೆ ಕೂರುತ್ತೆ. ಹೆಗಲಿನ ಸ್ನಾಯುರಜ್ಜು ಹರಿದು ಶಸ್ತ್ರಚಿಕಿತ್ಸೆವರೆಗೆ ಹೋದವರಿದ್ದಾರೆ. ಈಗ ತಲೆಕೆಳಗಿನ ಸಮಯವನ್ನು ಎಣಿಸಿ ಮಿತಿಯಲ್ಲಿ ಇಡ್ತಾರೆ.

ಹಳೆಯದಾಖಲೆ:

ಮೇಲಿನದಕ್ಕೆ ಒಂದು ಹಿನ್ನೆಲೆ. ಕೊಳ ಯಾಕೆ ಬಂತು ಅಂತ ನೋಡಿದರೆ ಪ್ರಶ್ನೆ ಅರ್ಧ ಬಗೆಹರಿಯುತ್ತೆ.

1965ರ ಮಾರ್ಚ್ 18ರಂದು, ಮೊದಲ ಬಾಹ್ಯಾಕಾಶ ನಡಿಗೆಯಲ್ಲಿ, ಸೋವಿಯತ್ ಒಕ್ಕೂಟದ ಅಲೆಕ್ಸಿ ಲಿಯೊನೊವ್ 12 ನಿಮಿಷ ಹೊರಗಿದ್ದರು. ಸೂಟ್ ಉಬ್ಬಿ ಬಿಗಿದು, ಏರ್‌ಲಾಕ್‌ನೊಳಗೆ (ಒಳಗಿಂದ ಹೊರಗೆ ಹೋಗಿಬರುವ, ಗಾಳಿ ತೆಗೆದು ತುಂಬುವ ಕೋಣೆ) ನುಗ್ಗೋಕೆ ಒತ್ತಡವನ್ನೇ ಇಳಿಸಬೇಕಾಯಿತು. 1966ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 9ಎ ನೌಕೆಯ ಯೂಜೀನ್ ಸರ್ನನ್ ಎರಡು ಗಂಟೆಗೂ ಮಿಕ್ಕಿ ಹೊರಗೆ ಒದ್ದಾಡಿದರು. ಹಿಡಿಯೋಕೆ ಗಟ್ಟಿ ಜಾಗ ಇಲ್ಲ, ಕಾಲಿಗೆ ಆಸರೆ ಇಲ್ಲ. ಒಂದು ಕವಾಟ ತಿರುಗಿಸಿದರೆ ಕವಾಟದ ಬದಲು ಅವರೇ ತಿರುಗುತ್ತಿದ್ದರು. ಸೂಟನ್ನು ತಂಪಿಡುತ್ತಿದ್ದದ್ದು ಬರೀ ಗಾಳಿ, ಅದು ಸಾಲಲಿಲ್ಲ. ಬೆವರಿನ ಆವಿ ಮುಖಗಾಜನ್ನು ಮುಚ್ಚಿತು, ಯೋಜಿಸಿದ ಕೆಲಸ ಕೈಬಿಟ್ಟರು.

ಅದೇ ವರ್ಷ ನವೆಂಬರ್‌ನಲ್ಲಿ ಜೆಮಿನಿ 12ರ ಬಜ್ ಆಲ್ಡ್ರಿನ್ ನೀರಿನಡಿ ಅಭ್ಯಾಸ ಮಾಡಿ ಹೋದರು. ಹಿಡಿಕೆಗಳು, ಕಾಲು ಸಿಕ್ಕಿಸುವ ಪಾದರಕ್ಷೆಗಳು, ಸೊಂಟದ ಪಟ್ಟಿಗಳು ಜೊತೆಗಿದ್ದವು, ನಡುನಡುವೆ ವಿಶ್ರಾಂತಿಯನ್ನೂ ವೇಳಾಪಟ್ಟಿಗೆ ಸೇರಿಸಿದ್ದರು. ಕೆಲಸ ಸಲೀಸಾಗಿ ಮುಗಿಯಿತು. ನಿಧಾನವಾಗಿ ಚಲಿಸುವುದು, ಮೈಯನ್ನು ಮೊದಲು ಕಟ್ಟಿಹಾಕಿ ಆಮೇಲೆ ಕೈ ಹಾಕುವುದು, ಈ ಎರಡು ಅಭ್ಯಾಸಗಳನ್ನು ಕೊಳ ಕಲಿಸುತ್ತೆ. ತೂಕವಿಲ್ಲದ ಅನುಭವ ಅದರ ಮುಂದೆ ಸಣ್ಣದು.

ಸಾರಜನಕಶತ್ರು:

ಎರಡನೇ ಪ್ರಶ್ನೆ, ಹ್ಯಾಚ್‌ಗೆ ಮುಂಚಿನ ಗಂಟೆಗಳು. ಇದು ಪೂರ್ತಿ ಸಾರಜನಕದ ಲೆಕ್ಕ.

ನಿಲ್ದಾಣದೊಳಗೆ ಗಾಳಿಯ ಒತ್ತಡ 14.7 ಪಿಎಸ್‌ಐ, ನಾವು ನೆಲದಲ್ಲಿ ಉಸಿರಾಡುವಷ್ಟೇ. ಅಮೆರಿಕದ ಸೂಟಿನೊಳಗೆ ಶುದ್ಧ ಆಮ್ಲಜನಕ, ಒತ್ತಡ 4.3 ಪಿಎಸ್‌ಐ ಮಾತ್ರ. ಉಸಿರಾಟಕ್ಕೆ ಕೊರತೆಯಿಲ್ಲ, ಸಮುದ್ರಮಟ್ಟದ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು 3.1 ಪಿಎಸ್‌ಐ ಅಷ್ಟೇ. ತೊಂದರೆ ದೇಹದಲ್ಲಿ ಮೊದಲೇ ಕರಗಿರುವ ಸಾರಜನಕದ್ದು. ಅದು 14.7ರಲ್ಲಿ 79 ಶೇಕಡ, ಅಂದರೆ 11.6 ಪಿಎಸ್‌ಐ. ಇದನ್ನು ಸೂಟಿನ 4.3ರಿಂದ ಭಾಗಿಸಿ: 2.7. ಈ ಅನುಪಾತದಲ್ಲಿ ನೇರ ಇಳಿದರೆ ಸೋಡಾ ಬಾಟಲಿ ತೆರೆದ ಹಾಗೆ ಅಂಗಾಂಶದಲ್ಲೂ ರಕ್ತದಲ್ಲೂ ಗುಳ್ಳೆ ಏಳುತ್ತೆ. ಕೀಲುನೋವಿಂದ ಶುರುವಾಗಿ ನರಗಳವರೆಗೆ ಹೋಗಬಹುದು, ಅದೂ ಹ್ಯಾಚ್‌ನಿಂದ ದೂರ ಇರುವಾಗ.

ಹಾಗಾಗಿ ಹೊರಡೋಕೆ ಮೊದಲೇ ಶುದ್ಧ ಆಮ್ಲಜನಕ ಉಸಿರಾಡಿ ಸಾರಜನಕವನ್ನು ತೊಳೆಯಬೇಕು. ದಾರಿಗಳು ಮೂರು.

ಸೂಟ್ ಹಾಕಿಕೊಂಡು ಸುಮ್ಮನೆ ಕಾಯುವುದು. ಇದಕ್ಕೆ ಸುಮಾರು ನಾಲ್ಕು ಗಂಟೆ ಬೇಕು.

ಏರ್‌ಲಾಕ್‌ನಲ್ಲೇ ರಾತ್ರಿ ಮಲಗುವುದು. ಕ್ವೆಸ್ಟ್ ಏರ್‌ಲಾಕ್ ಮುಚ್ಚಿ ಒತ್ತಡವನ್ನು 10.2 ಪಿಎಸ್‌ಐಗೆ ಇಳಿಸಿ, ಆಮ್ಲಜನಕವನ್ನು ಸುಮಾರು 26.5 ಶೇಕಡಕ್ಕೆ ಏರಿಸ್ತಾರೆ. ಆಗ ಸಾರಜನಕದ ಪಾಲು 7.5, ಸೂಟಿನ ಜೊತೆ ಅನುಪಾತ 1.74ಕ್ಕೆ ಬರುತ್ತೆ. ಬೆಳಿಗ್ಗೆ ಶೌಚಕ್ಕೆ ಹೊರಬರಬೇಕಾದರೆ ಮಾಸ್ಕ್ ಹಾಕಿಕೊಂಡೇ ಬರಬೇಕು, ಇಲ್ಲದಿದ್ದರೆ ರಾತ್ರಿಯ ಶ್ರಮ ನೀರಲ್ಲಿ ಹೋಮ.

ಮೂರನೆಯದು 2011ರಿಂದ ಬಳಕೆಗೆ ಬಂದದ್ದು, ಸೂಟಿನೊಳಗೆ ಲಘು ವ್ಯಾಯಾಮ. ಮೊದಲು 60 ನಿಮಿಷ ಮಾಸ್ಕಿನಲ್ಲಿ ಆಮ್ಲಜನಕ. ಅದರ ಕೊನೆ ಭಾಗದಲ್ಲಿ ಏರ್‌ಲಾಕ್ ಅನ್ನು 10.2ಕ್ಕೆ ಇಳಿಸುವುದು. ಅದು ಮುಗಿದ ಮೇಲೆ ಸೂಟ್ ತೊಡುವುದು, ಒಳಗಿದ್ದ ಸಾರಜನಕವನ್ನು ಆಮ್ಲಜನಕದಿಂದ ಹೊರದಬ್ಬುವುದು. ಆಮೇಲೆ 50 ನಿಮಿಷ ಕೈಕಾಲು ಆಡಿಸುವುದು: ನಾಲ್ಕು ನಿಮಿಷ ಚಲನೆ, ಒಂದು ನಿಮಿಷ ಬಿಡುವು, ಹೀಗೇ. ಕೊನೆಗೆ ಇನ್ನು 50 ನಿಮಿಷ ಸುಮ್ಮನಿರುವುದು. ಸ್ನಾಯುಗಳಿಗೆ ರಕ್ತ ಹೆಚ್ಚು ಹರಿದಷ್ಟೂ ಸಾರಜನಕ ಬೇಗ ಶ್ವಾಸಕೋಶ ತಲುಪಿ ಹೊರಹೋಗುತ್ತೆ ಅನ್ನೋದು ಇದರ ತತ್ವ. ನಡುವೆ ಮಾಸ್ಕ್ ಸಡಿಲಾಗಿ ಕ್ಯಾಬಿನ್ ಗಾಳಿ ಒಳಹೋದರೆ ಕಳೆದ ನಿಮಿಷಗಳಷ್ಟೇ ಅಲ್ಲ, ಅದಕ್ಕಿಂತ ಹೆಚ್ಚು ನಿಮಿಷ ದಂಡ ಕಟ್ಟಬೇಕು.

ಇಷ್ಟಾದ ಮೇಲೆ ಏರ್‌ಲಾಕ್‌ನ ಹೊರಕೋಣೆಯ ಗಾಳಿ ತೆಗೆಯುವುದು. 5 ಪಿಎಸ್‌ಐ ಹತ್ತಿರ ನಿಲ್ಲಿಸಿ ಸೂಟ್ ಸೋರುತ್ತಿದೆಯಾ ಅಂತ ನೋಡ್ತಾರೆ. ಗಾಳಿಯ ಬಹುಪಾಲನ್ನು ಪಂಪ್ ನಿಲ್ದಾಣದೊಳಗೆ ವಾಪಸ್ ಎಳೆಯುತ್ತೆ, ಉಳಿದ ಸ್ವಲ್ಪ ಮಾತ್ರ ಹೊರಗೆ ಹೋಗುತ್ತೆ. ಸೂಟ್‌ಗಳನ್ನು ಅವುಗಳದೇ ಬ್ಯಾಟರಿಗೆ ಹಾಕಿದ ಕ್ಷಣದಿಂದ ನಡಿಗೆಯ ಗಡಿಯಾರ ಓಡುತ್ತೆ. ನೇರಪ್ರಸಾರದಲ್ಲಿ "ನಡಿಗೆ ಆರಂಭ" ಅನ್ನೋದು ಹ್ಯಾಚ್ ತೆರೆದಾಗ ಅಲ್ಲ, ಆಗ.

ಕಕ್ಷೆಯಾಚೆ:

ಧನ್ಯವಾದ. 2.7ರ ಲೆಕ್ಕ ನೋಡಿದ ಮೇಲೆ ಎಲ್ಲ ಸ್ಪಷ್ಟ ಆಯ್ತು. ಹಾಗಾದ್ರೆ ಸೂಟಿನ ಒತ್ತಡವನ್ನೇ ಜಾಸ್ತಿ ಮಾಡಿಬಿಟ್ಟರೆ ಈ ರಗಳೆಯೇ ಇರಲ್ಲ ಅಲ್ವಾ? ಮತ್ತೆ ಕೊಳದಲ್ಲಿ 12 ಮೀಟರ್ ಆಳದಲ್ಲಿ ಆರು ಗಂಟೆ ಇದ್ರೆ ಡೈವರ್‌ಗಳಿಗೆ ಬರೋ ಅದೇ ಗುಳ್ಳೆಯ ಕಾಯಿಲೆ ಇವರಿಗೂ ಬರಬೇಕಲ್ಲ?

ಸಾರಜನಕಶತ್ರು:

ರಷ್ಯಾದ ಓರ್ಲಾನ್ ಸೂಟ್ ಮಾಡೋದು ಅದನ್ನೇ. ಅದರ ಒತ್ತಡ ಸುಮಾರು 5.8 ಪಿಎಸ್‌ಐ, 11.6ನ್ನು 5.8ರಿಂದ ಭಾಗಿಸಿದರೆ 2.0. ಅವರಿಗೆ ಅರ್ಧ ಗಂಟೆಯ ಆಸುಪಾಸು ಆಮ್ಲಜನಕ ಸಾಕಾಗುತ್ತೆ. ಬೆಲೆ ತೆರೋದು ಬೆರಳುಗಳು: ಒತ್ತಡ ಏರಿದಷ್ಟೂ ಗ್ಲೌಸ್ ಬಿಗಿ. 14.7ಕ್ಕೆ ಏರಿಸಿದರೆ ಈಗಿನ ಬಟ್ಟೆಯ ಗ್ಲೌಸಿನಲ್ಲಿ ಬೋಲ್ಟ್ ಬಿಗಿಯೋದಿರಲಿ, ಕಂಬಿ ಹಿಡಿದು ಸಾಗೋದೇ ಆಗಲ್ಲ. ನನ್ನ ಲೆಕ್ಕದಲ್ಲಿ ಅಮೆರಿಕದವರ ಆಯ್ಕೆ ಸರಿ. ಎರಡು ಮೂರು ಗಂಟೆ ಕಾಯೋದು ಬೇಜಾರಿನ ಕೆಲಸ ಹೌದು, ಆದರೆ ಆರೂವರೆ ಗಂಟೆ ಕೈ ಸೋಲದೆ ಇರೋದು ಅದಕ್ಕಿಂತ ದೊಡ್ಡದು.

ಕೊಳದ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. ಅಲ್ಲಿ ಮಾಮೂಲಿ ಗಾಳಿ ಕೊಡಲ್ಲ, 46 ಶೇಕಡ ಆಮ್ಲಜನಕದ ನೈಟ್ರಾಕ್ಸ್ ಕೊಡ್ತಾರೆ. 12 ಮೀಟರ್‌ನಲ್ಲಿ ನೀರು ಮತ್ತು ಮೇಲಿನ ಗಾಳಿ ಸೇರಿ 2.2 ವಾಯುಭಾರ (ನೆಲದ ಮೇಲಿನ ಗಾಳಿಯ ಒತ್ತಡ ಅಂದರೆ 1), ಸೂಟಿನದು ಇನ್ನೂ 0.3. ಸಾರಜನಕ 54 ಶೇಕಡ ಮಾತ್ರ ಇರೋದರಿಂದ ದೇಹಕ್ಕೆ ಅದು ಸುಮಾರು 7 ಮೀಟರ್ ಆಳದಲ್ಲಿ ಮಾಮೂಲಿ ಗಾಳಿ ಉಸಿರಾಡಿದಷ್ಟೇ. ಹಾಗಾಗಿ ಮೇಲೇರುವಾಗ ನಡುನಡುವೆ ನಿಲ್ಲಬೇಕಿಲ್ಲ. ಆದರೆ ಅದೇ ದಿನ ವಿಮಾನ ಹಾರಿಸೋ ಯೋಜನೆ ಇಟ್ಟುಕೊಳ್ಳುವಂತಿಲ್ಲ. ಗಗನಯಾತ್ರಿಗಳ ವಾರದ ವೇಳಾಪಟ್ಟಿಯಲ್ಲಿ ಟಿ-38 ಜೆಟ್ ಹಾರಾಟವೂ ಇರೋದರಿಂದ ಇದು ನಿಜವಾದ ತಲೆನೋವು.

ಕೊಕ್ಕೆಮೇಲೆಕೊಕ್ಕೆ:

ಹೊರಗೆ ಹೋದ ಮೇಲಿನ ಶಿಸ್ತು ಯಾರೂ ಹೇಳಲಿಲ್ಲ. ಟೆದರ್, ಅಂದರೆ ತೇಲಿಹೋಗದಂತೆ ಕಟ್ಟಿಕೊಳ್ಳೋ ಹಗ್ಗ.

ಮುಖ್ಯ ಸುರಕ್ಷತಾ ಟೆದರ್ ಅಂದ್ರೆ ಸ್ಪ್ರಿಂಗ್ ಸುರುಳಿಯಿಂದ ಬಿಚ್ಚಿಕೊಳ್ಳೋ ಉಕ್ಕಿನ ತಂತಿ, ಉದ್ದ 26 ಮೀಟರ್. ಒಂದು ತುದಿ ಏರ್‌ಲಾಕ್ ಬಳಿ, ಇನ್ನೊಂದು ನಿಮ್ಮ ಮೇಲೆ. ಕೆಲಸದ ಜಾಗದಲ್ಲಿ ಸೊಂಟದ ಚಿಕ್ಕ ಟೆದರ್ ಬೇರೆ. ನಿಯಮ ಒಂದೇ: ಹೊಸ ಕೊಕ್ಕೆ ಹಾಕಿ ಬೀಗ ನೋಡಿದ ಮೇಲೇ ಹಳೇ ಕೊಕ್ಕೆ ಬಿಚ್ಚೋದು. ಕೊಕ್ಕೆಯ ಬಾಯಿ ಮುಚ್ಚಿದೆಯಾ, ಜಾರುಬೀಗ ಸರಿದಿದೆಯಾ, ಕಪ್ಪು ಗುರುತಿನ ಮೇಲೆ ಕಪ್ಪು ಗುರುತು ಕೂತಿದೆಯಾ ಅಂತ ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಕೇಳಿಸ್ಕೋಬೇಕು. ಒಮ್ಮೆ ಎಳೆದೂ ನೋಡಬೇಕು. ಆರು ಗಂಟೆಯಲ್ಲಿ ನೂರಾರು ಸಲ ಮಾಡುವ ಕೆಲಸ ಇದು, ಬೇಸರದಿಂದ ಒಂದು ಸಲ ಬಿಟ್ಟುಹೋಗೋದೇ ಅಪಾಯ.

ಉಪಕರಣಗಳಿಗೂ ಅದೇ ನಿಯಮ. ಕೊಳದಲ್ಲಿ ಕೈಜಾರಿದ್ದು ತಳಕ್ಕೆ ಬೀಳುತ್ತೆ, ಡೈವರ್ ಎತ್ತಿಕೊಡ್ತಾರೆ (ಇದನ್ನೂ ಕೊಳದ ಸುಳ್ಳುಗಳ ಪಟ್ಟಿಗೆ ಸೇರಿಸಿ). ಮೇಲೆ ಹಾಗಲ್ಲ. 2008ರ ನವೆಂಬರ್‌ನಲ್ಲಿ ಗ್ರೀಸ್ ಗನ್ ಸೋರಿ ಚೀಲದೊಳಗೆಲ್ಲ ಮೆತ್ತಿಕೊಂಡು, ಅದನ್ನು ಒರೆಸುವ ಗಡಿಬಿಡಿಯಲ್ಲಿ ಇಡೀ ಚೀಲವೇ ತೇಲಿಹೋಯ್ತು. 2023ರ ನವೆಂಬರ್ 1ರಂದು ಇನ್ನೊಂದು ಚೀಲ ಹೋಯ್ತು.

ಮನುಷ್ಯನೇ ತೇಲಿಹೋದರೆ? ಬೆನ್ನಿನ ಕೆಳಭಾಗದಲ್ಲಿ ಸೇಫರ್ ಅನ್ನೋ ಪುಟ್ಟ ಸಾಧನ ಇರುತ್ತೆ. ಸಾರಜನಕ ಅನಿಲ ಚಿಮ್ಮಿಸುವ 24 ಮೂತಿಗಳು, ಒಟ್ಟು ಸೆಕೆಂಡಿಗೆ ಸುಮಾರು 3 ಮೀಟರ್ ವೇಗ ಬದಲಿಸುವಷ್ಟು ಅನಿಲ. ಮೊದಲು ಗಿರಗಿರ ತಿರುಗೋದನ್ನು ನಿಲ್ಲಿಸಬೇಕು, ಆಮೇಲೆ ನಿಲ್ದಾಣ ಎಲ್ಲಿದೆ ನೋಡಬೇಕು, ಆಮೇಲೆ ಅತ್ತ ಹೊರಡಬೇಕು. ಗಾಬರಿಯಲ್ಲಿ ಒತ್ತುತ್ತಾ ಹೋದರೆ ಅನಿಲ ಮುಗಿದೇ ಹೋಗುತ್ತೆ, ಎರಡನೇ ಅವಕಾಶ ಇಲ್ಲ. ಇದರ ಅಭ್ಯಾಸ ಪೂರ್ತಿ ವರ್ಚುವಲ್ ರಿಯಾಲಿಟಿಯಲ್ಲೇ, ಕೊಳದಲ್ಲಿ ಮಾಡೋಕೆ ಬರಲ್ಲ.

ಹಳೆಯದಾಖಲೆ:

ಗ್ಲೌಸ್ ವಿಷಯಕ್ಕೆ ಇನ್ನೊಂದು. ನಿಲ್ದಾಣದ ಹಿಡಿಕಂಬಿಗಳಿಗೆ ವರ್ಷಗಟ್ಟಲೆ ಸೂಕ್ಷ್ಮ ಉಲ್ಕಾಕಣಗಳು ಬಡಿದು ಚೂಪು ಅಂಚಿನ ಗುಳಿಗಳಾಗಿವೆ. 2007ರ ಆಗಸ್ಟ್‌ನಲ್ಲಿ ರಿಕ್ ಮಸ್ತ್ರಾಕಿಯೊ ಅವರ ಎಡ ಗ್ಲೌಸಿನ ಹೆಬ್ಬೆರಳಲ್ಲಿ ತೂತು ಕಂಡಿತು. ಗಾಳಿ ಹಿಡಿದಿಡುವ ಒಳಪದರಕ್ಕೆ ಏನೂ ಆಗಿರಲಿಲ್ಲ, ಆದರೂ ಅವರನ್ನು ಒಳಗೆ ಕರೆಸಿದರು. ಈಗ ನಿಗದಿತ ಹೊತ್ತಿಗೆ ಎಲ್ಲರೂ ಕೆಲಸ ನಿಲ್ಲಿಸಿ ಎರಡೂ ಅಂಗೈಗಳನ್ನು ನೋಡಿ ವರದಿ ಕೊಡಲೇಬೇಕು.

ಹೆಲ್ಮೆಟ್‌ಒಳಗೆ:

ಆ ತಪಾಸಣೆಯ ಜೊತೆಗೇ ಇನ್ನೊಂದು ಪ್ರಶ್ನೆ ಕೇಳ್ತಾರೆ: ತಲೆಯ ಹಿಂದಿನ ಹೀರುಪಟ್ಟಿ ಒಣಗಿದೆಯಾ, ಒದ್ದೆಯಾಗಿ ಮೆತ್ತಗಿದೆಯಾ? ಅದಕ್ಕೆ ಕಾರಣ 2013ರ ಜುಲೈ 16.

ಸೂಟಿನ ಒಳಉಡುಪಿನಲ್ಲಿ ಸುಮಾರು 90 ಮೀಟರ್ ತೆಳು ಕೊಳವೆ ಇದೆ, ಅದರಲ್ಲಿ ತಂಪು ನೀರು ಹರಿಯುತ್ತೆ. ಬೆನ್ನಪೆಟ್ಟಿಗೆಯಲ್ಲಿ ಫ್ಯಾನ್, ಪಂಪ್, ಗಾಳಿಯಿಂದ ನೀರು ಬೇರ್ಪಡಿಸುವ ಡ್ರಮ್ ಮೂರೂ ಒಂದೇ ಘಟಕ. ಡ್ರಮ್ಮಿನ ಸಣ್ಣ ರಂಧ್ರಗಳು ನೀರಿನಲ್ಲಿದ್ದ ಕಲ್ಮಶದಿಂದ ಕಟ್ಟಿಕೊಂಡವು. ನೀರು ಉಸಿರಾಟದ ಗಾಳಿಯ ದಾರಿಗೆ ನುಗ್ಗಿ, ಕುತ್ತಿಗೆಯ ಹಿಂದಿನಿಂದ ಲುಕಾ ಪಾರ್ಮಿಟಾನೊ ಅವರ ಹೆಲ್ಮೆಟ್ ಸೇರಿತು. ಒಟ್ಟು ಸುಮಾರು ಒಂದೂವರೆ ಲೀಟರ್.

ನೆಲದಲ್ಲಾದರೆ ಅಷ್ಟು ನೀರು ಕುತ್ತಿಗೆ ಕೆಳಗೆ ಇಳಿದುಹೋಗುತ್ತೆ. ತೂಕವಿಲ್ಲದಲ್ಲಿ ಮೇಲ್ಮೈ ಸೆಳೆತದಿಂದ ಚರ್ಮಕ್ಕೆ ಅಂಟಿ, ಕಿವಿ, ಕಣ್ಣು, ಮೂಗಿನ ಮೇಲೆ ತೆವಳುತ್ತೆ. ಒರೆಸೋಕೆ ಕೈ ಒಳಗೆ ಹೋಗಲ್ಲ. ಮೂಗು ಮುಚ್ಚಿತು, ಕಣ್ಣಿಗೆ ಏನೂ ಕಾಣದಾಯಿತು, ಸೂರ್ಯನೂ ಮುಳುಗಿದ್ದ. ಟೆದರ್ ಸುರುಳಿ ಯಾವ ಕಡೆ ಎಳೆಯುತ್ತಿದೆ ಅನ್ನೋದನ್ನೇ ದಾರಿಯಾಗಿ ಹಿಡಿದು ಅವರು ಏರ್‌ಲಾಕ್ ತಲುಪಿದರು. ತಜ್ಞರನ್ನು ಹೆಚ್ಚು ಕಾಡಿದ್ದು ಇನ್ನೊಂದು: ಒಂದು ವಾರದ ಹಿಂದಿನ ನಡಿಗೆಯ ಕೊನೆಯಲ್ಲೂ ಅದೇ ಹೆಲ್ಮೆಟ್‌ನಲ್ಲಿ ನೀರು ಸಿಕ್ಕಿತ್ತು. ಕುಡಿಯುವ ನೀರಿನ ಚೀಲ ಸೋರಿರಬೇಕು ಅಂತ ಬಿಟ್ಟಿದ್ದರು. ಈಗ ಹೀರುಪಟ್ಟಿಯ ಜೊತೆ, ಬಾಯಿಯ ಹತ್ತಿರದಿಂದ ಸೊಂಟದವರೆಗೆ ಇಳಿಯುವ ಉಸಿರುಕೊಳವೆಯೂ ಇರುತ್ತೆ. ಹೆಲ್ಮೆಟ್ ತುಂಬಿದರೆ ಸೂಟಿನ ಕೆಳಭಾಗದ ಗಾಳಿ ಎಳೆದುಕೊಳ್ಳಬಹುದು.

ಅಷ್ಟೊಂದು ನೀರೇ ಬೇಕಾಗಿಲ್ಲ. 2001ರಲ್ಲಿ ಕ್ರಿಸ್ ಹ್ಯಾಡ್‌ಫೀಲ್ಡ್ ಅವರ ಕಣ್ಣಿಗೆ ಹೋದದ್ದು ಗಾಜಿಗೆ ಮಂಜು ಕಟ್ಟದಂತೆ ಒಳಗೆ ಸವರಿದ ದ್ರಾವಣ. ಕಣ್ಣೀರು ಬಂತು, ಆದರೆ ಕೆಳಗೆ ಬೀಳಲಿಲ್ಲ. ಉಂಡೆಯಾಗಿ ಮೂಗಿನ ಸೇತುವೆ ದಾಟಿ ಇನ್ನೊಂದು ಕಣ್ಣನ್ನೂ ಮುಚ್ಚಿತು.

ತೂಕದಬಿಲ್ಲೆ:

ಈ ಪ್ರಸಂಗದ ಮೇಲೆ ಒಂದು ಮಾತು. ಕೊಳದ ಪರೀಕ್ಷೆಗಳಲ್ಲಿ ಒಂದು, ಪ್ರಜ್ಞೆಯಿಲ್ಲದ ಸಂಗಾತಿಯನ್ನು ಏರ್‌ಲಾಕ್‌ಗೆ ಸೇರಿಸುವುದು. ಅವಧಿ 30 ನಿಮಿಷ. ಅದು ಎಲ್ಲಿಂದಲೋ ಬಂದ ಅಂಕಿ ಅಲ್ಲ, ಸೂಟಿನ ತುರ್ತು ಆಮ್ಲಜನಕದ ಟ್ಯಾಂಕ್ ಕನಿಷ್ಠ ಅಷ್ಟು ಹೊತ್ತು ಬರುತ್ತೆ. ಮೊದಲು ಅವರ ಸೂಟಿನ ಎದೆಫಲಕದ ಅಂಕಿಗಳನ್ನು ನೋಡಿ ಹೇಳಬೇಕು, ತಮ್ಮ ಟೆದರಿನಿಂದ ಅವರನ್ನು ತಮಗೆ ಕಟ್ಟಿಕೊಳ್ಳಬೇಕು, ಅವರನ್ನು ಹಿಡಿದಿದ್ದ ಸ್ಥಳೀಯ ಟೆದರ್ ಆಮೇಲೆ ಬಿಚ್ಚಬೇಕು. ಕೊನೆಗೆ ಇಕ್ಕಟ್ಟಾದ ಏರ್‌ಲಾಕ್‌ನೊಳಗೆ ಇಬ್ಬರೂ ಹಿಡಿಸಬೇಕು. ಸಾಮಾನ್ಯವಾಗಿ ಸಮಯ ತಿನ್ನೋದು ಈ ಕೊನೆಯ ಎರಡು ಮೀಟರ್. ಸುರಕ್ಷತಾ ಟೆದರ್‌ಗಳು ಸುತ್ತಿಕೊಂಡು ಹ್ಯಾಚ್ ಮುಚ್ಚೋಕೆ ಆಗದಂತೆ ಅಡ್ಡ ಬರುತ್ತವೆ.

ಕಕ್ಷೆಯಾಚೆ:

ಕೊನೆಯ ಒಂದೇ ಪ್ರಶ್ನೆ. ಹ್ಯಾಚ್ ಮುಚ್ಚಿದ ಮೇಲೆ ಕೆಲಸ ಮುಗೀತಾ?

ಕೊಕ್ಕೆಮೇಲೆಕೊಕ್ಕೆ:

ಇಲ್ಲ. ಅಮೋನಿಯಾ ಕೊಳವೆಗಳ ಹತ್ತಿರ ಕೆಲಸ ಮಾಡಿದ್ದರೆ ಮೊದಲು ಅದು ಸೂಟಿಗೆ ಅಂಟಿಲ್ಲ ಅಂತ ಖಾತ್ರಿ ಆಗಬೇಕು. 2001ರ ಫೆಬ್ರವರಿಯಲ್ಲಿ ರಾಬರ್ಟ್ ಕರ್ಬೀಮ್ ಮೇಲೆ ಅಮೋನಿಯಾ ಚಿಮ್ಮಿ ಹರಳುಗಟ್ಟಿದಾಗ, ಅದು ಆವಿಯಾಗಲಿ ಅಂತ ಅವರನ್ನು ಸುಮಾರು ಅರ್ಧ ಗಂಟೆ ಬಿಸಿಲಲ್ಲೇ ನಿಲ್ಲಿಸಿದ್ದರು, ಬ್ರಷ್‌ನಿಂದಲೂ ಉಜ್ಜಿದರು. ಅಷ್ಟು ಚಿಕ್ಕ ಏರ್‌ಲಾಕ್‌ನಲ್ಲಿ ಸ್ವಲ್ಪ ಅಮೋನಿಯಾ ಸೇರಿದರೂ ಇಡೀ ನಿಲ್ದಾಣಕ್ಕೆ ತೊಂದರೆ.

ಒಳಗೆ ಬಂದ ಮೇಲೆ ಸೂಟ್ ಕಳಚೋಕೆ ಮೂರನೆಯವರು ಬೇಕೇಬೇಕು. ಗ್ಲೌಸ್‌ಗಳ ಅಂಗೈಯನ್ನು ಹತ್ತಿರದಿಂದ ಫೋಟೊ ತೆಗೆದು ಕೆಳಗೆ ಕಳಿಸ್ತಾರೆ, ಹೆಲ್ಮೆಟ್ ಒದ್ದೆಯಿದೆಯಾ ನೋಡ್ತಾರೆ, ಬ್ಯಾಟರಿ ಚಾರ್ಜ್‌ಗೆ ಹಾಕ್ತಾರೆ, ನೀರಿನ ಟ್ಯಾಂಕ್ ತುಂಬಿಸ್ತಾರೆ. ಇಂಗಾಲದ ಡೈಆಕ್ಸೈಡ್ ಹೀರಿದ ಲೋಹದ ಆಕ್ಸೈಡಿನ ಡಬ್ಬಿಗಳನ್ನು ಓವನ್‌ಗೆ ಇಡ್ತಾರೆ. ಹೀರಿದ್ದನ್ನು ಬಿಟ್ಟು ಮತ್ತೆ ಬಳಕೆಗೆ ಬರೋಕೆ ಅವಕ್ಕೆ 14 ಗಂಟೆ ಬೇಕು.